ಕಥೆ ನಮ್ಮದು, ಮಾತು ಯಾರದು?

ಮನೆಮಂದಿಯೆಲ್ಲ ಕೂಡಿ ನೋಡಿ ನಕ್ಕ ಕನ್ನಡ ಚಿತ್ರಗಳ ಸಾಲಿನಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಎತ್ತರದ ಮಣೆಯುಂಟು. ಎ.ವಿ. ಶೇಷಗಿರಿರಾಯರು ನಿರ್ದೇಶಿಸಿದ ಈ ಚಿತ್ರ ತೆರೆಕಂಡದ್ದು 1974ರಲ್ಲಿ. ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ಹಾಡಿದ ಹಾಡನ್ನು ಅರಿಯದ ಕನ್ನಡಿಗರು ವಿರಳ. ಆದರೆ ಈ ಕಥೆ ಬೆಂಗಳೂರಿನಲ್ಲಿಯೂ ಹುಟ್ಟಲಿಲ್ಲ, ಮದರಾಸಿನಲ್ಲಿಯೂ ಹುಟ್ಟಲಿಲ್ಲ, ಅದು ಪಿ.ಬಿ. ಧುತ್ತರಗಿಯವರು ವೃತ್ತಿ ರಂಗಭೂಮಿಗೆಂದು ಬರೆದ ನಾಟಕ. ಧುತ್ತರಗಿಯವರು ಇಳಕಲ್ಲಿನ ಸೀಮೆಯವರು. ಕುಷ್ಟಗಿಯಿಂದ ಬಡಗಣ ದಾರಿ ಹಿಡಿದರೆ ಮೊದಲು ಎದುರಾಗುವ ದೊಡ್ಡ ಊರೇ ಇಳಕಲ್ಲು.

ಇದರ ಮಹತ್ವ ತಿಳಿಯಬೇಕಾದರೆ ಹಿಂದಿನ ಸ್ಥಿತಿಯನ್ನು ನೆನೆಯಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು 1948ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಕೊಪ್ಪಳ ಮತ್ತು ಯಲಬುರ್ಗಾಗಳಂತೂ ಸಾಲಾರ್ ಜಂಗರ ಜಹಗೀರು. ಇಳಕಲ್ಲು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಕಡೆ ಕಚೇರಿಯ ಮಾತು ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. ಒಕ್ಕಲಿಗ, ನೇಕಾರ, ಕೂಲಿಯವನು ತನ್ನ ಮನೆಯ ಮಾತನ್ನು ನಾಲ್ಕು ಜನರ ನಡುವೆ ಗಟ್ಟಿಯಾಗಿ ಕೇಳುತ್ತಿದ್ದುದು ಜಾತ್ರೆಯ ನಾಟಕದ ತಂಬುವಿನಲ್ಲಿ. ಅಲ್ಲಿ ಸಾಹುಕಾರನ ಸೊಕ್ಕಿಗೆ ಬಡವ ಉತ್ತರ ಕೊಟ್ಟರೆ, ಅದು ನೋಡುವವನದೇ ಉತ್ತರವಾಗುತ್ತಿತ್ತು. ಪ್ರಾತಿನಿಧ್ಯವೆಂದು ಈಗ ನಾವು ಹೇಳುವ ಮಾತು ಹುಟ್ಟುವ ಮೊದಲೇ ಆ ಕೆಲಸ ಅಲ್ಲಿ ನಡೆದಿತ್ತು.

1956ರ ನವೆಂಬರ 1ರಂದು ಕನ್ನಡ ಸೀಮೆಗಳು ಒಂದಾದವು. ಚಿತ್ರರಂಗ ಮಾತ್ರ ಹಳೆಯ ಮೈಸೂರಿನ ಕಡೆಯವರ ಕೈಯಲ್ಲಿಯೇ ಉಳಿಯಿತು. ಹೀಗಾಗಿ ಧುತ್ತರಗಿಯವರ ನಾಟಕ ತೆರೆಗೆ ಬಂದಾಗ ಉಡುಪಿನೊಡನೆ ನುಡಿಯೂ ಬದಲಾಯಿತು. ರಾಜಕುಮಾರರ ಬಾಯಲ್ಲಿ ಹೊರಟದ್ದು ದಕ್ಷಿಣದ ಹಳ್ಳಿಯ ಮಾತು, ಇಳಕಲ್ಲಿನದಲ್ಲ. ಅದನ್ನು ಅವರು ಅತ್ಯಂತ ಸೊಗಸಾಗಿ ಆಡಿದರೆಂಬುದನ್ನು ನಾನು ಅಲ್ಲಗಳೆಯಲಾರೆ. ಬಡವನ ಸ್ವಾಭಿಮಾನವೇ ಕಥೆಯ ಜೀವ. ಅದು ನುಡಿ ಬದಲಾದರೂ ಸಾಯಲಿಲ್ಲ.

ಆದರೂ ಲೆಕ್ಕ ಒಪ್ಪಿಸುವಾಗ ಎರಡೂ ಬದಿಯನ್ನು ಬರೆಯಬೇಕು. ಮಂಜುಳಾ ಅವರ ಗಟ್ಟಿಗಿತ್ತಿ ದುರ್ಗಿಗೆ ಬಾಯಿ ದೊರೆಯಿತು. ಕೊನೆಗೆ ಅವಳ ಸೊಕ್ಕಿಳಿಸುವುದೇ ನಾಯಕನ ಸಾಹಸವೂ ಆಯಿತು. ಬಡವನಿಗೆ ಗೆಲುವು ದೊರೆಯಿತು. ಅವನ ‘ಏನ್ ಮಾಡಾಕತ್ತೀರಿ’, ‘ಎಲ್ಲಿಗೆ ಹೊಂಟೀರಿ’ ಎಂಬ ಮಾತುಗಳಿಗೆ ಮಾತ್ರ ಎಡೆಯಿಲ್ಲವಾಯಿತು. ಮುಂದೆ ಎಷ್ಟೋ ಹಾಸ್ಯಚಿತ್ರಗಳಲ್ಲಿ ಈ ಮಾತು ಬಂದದ್ದು ಪೇಟೆಗೆ ಬಂದು ದಾರಿ ತಪ್ಪಿದ ಪೆದ್ದನ ಬಾಯಲ್ಲಿ. ನಾಯಕನು ಆಡಿದರೆ ಮಾತು, ಪರಿಚಾರಕನು ಆಡಿದರೆ ನಗೆ! ಕಥೆ ಕೊಟ್ಟ ಸೀಮೆಗೆ ಸಿಕ್ಕ ಸಂಭಾವನೆ ಇದೇ ಏನು?

ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಈ ಕಡೆಯ ನುಡಿಗೆ ಗಾಂಭೀರ್ಯದ ಸ್ಥಾನ ಕೊಟ್ಟಿತು. ಹಾಸ್ಯದಲ್ಲಿ ಆ ಮರ್ಯಾದೆ ದೊರೆತದ್ದು ತೆರೆಯ ಹೊರಗೆ. ಗಂಗಾವತಿ ಪ್ರಾಣೇಶರು ಊರ ಹೆಸರನ್ನೂ ಊರ ಮಾತನ್ನೂ ಹೊತ್ತುಕೊಂಡೇ ವೇದಿಕೆ ಏರಿದರು. ಬೆಂಗಳೂರಿನ ಸಭಿಕರೂ ನಕ್ಕರು. ಅಲ್ಲಿ ಜನ ನಕ್ಕದ್ದು ಮಾತನಾಡುವವನ ಜಾಣತನಕ್ಕೆ, ಅವನ ಉಚ್ಚಾರಕ್ಕಲ್ಲ. ಈ ಮಾತು ಬೇರೆಯವರಿಗೆ ತಿಳಿಯುವುದಿಲ್ಲವೆಂಬ ಚಿತ್ರ ನಿರ್ಮಾಪಕರ ಹಳೆಯ ನೆಪಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ನಾಲ್ಕೂ ತಾಲ್ಲೂಕುಗಳು 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ಜಿಲ್ಲೆಗೆ ನಕಾಶೆಯಲ್ಲಿ ಹೆಸರು ಬಂತು. ‘ಸಂಪತ್ತಿಗೆ ಸವಾಲ್’ ಮತ್ತೊಮ್ಮೆ ತೆರೆಗೆ ಬರುವುದಾದರೆ, ಭದ್ರನು ಒಮ್ಮೆಯಾದರೂ ಧುತ್ತರಗಿಯವರ ಸೀಮೆಯ ಕನ್ನಡದಲ್ಲಿ ಸಾಹುಕಾರನಿಗೆ ಸವಾಲು ಹಾಕಲಿ. ಅವನ ಎಮ್ಮೆಗೂ ಆ ಮಾತು ತಿಳಿದೀತು.