ಸಹಿ ಹಾಕುವ ಕೈ, ಸುವಾರ್ತೆ ಹೇಳುವ ನಾಲಿಗೆ

ಭೀಮರಾಯನಗುಡಿಯಲ್ಲಿ ನೆಲೆಸಿದವರಲ್ಲಿ ಹೊರಗಿನಿಂದ ಬಂದವರೇ ಬಹಳ. ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ವಾರ್ಟರ್ಸಿಗೆ ಎಂಜಿನಿಯರರು, ಗುಮಾಸ್ತರು ಬಂದರು. ಕೃಷಿ ಮಹಾವಿದ್ಯಾಲಯಕ್ಕೆ ಬೇರೆ ಬೇರೆ ಜಿಲ್ಲೆಯ ಹುಡುಗ ಹುಡುಗಿಯರು ಬರುತ್ತಾರೆ. ಇಂಥ ಕಡೆ ಕ್ರೈಸ್ತ ಮೇಷ್ಟ್ರೊಬ್ಬರು ಅನ್ಯಧರ್ಮದ ಮಕ್ಕಳಿಗೆ ದಾರಿ ತೋರಿಸುವುದು ಹೇಗೆ? ಈ ಪ್ರಶ್ನೆಗೆ ನಮ್ಮ ಪಕ್ಕದ ಸುರಪುರದಲ್ಲೇ ಹಳೆಯದೊಂದು ಕಥೆಯಿದೆ.

1841ರಲ್ಲಿ ನಿಜಾಮನ ಸೇನೆಯ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬಂದ. ಬೇಡರ ದೊರೆಮನೆತನದ ವೆಂಕಟಪ್ಪನಾಯಕ ಆಗಿನ್ನೂ ಹುಡುಗ. 1853ರಲ್ಲಿ ಅವನ ಕೈಗೆ ಆಡಳಿತ ಬರುವತನಕ ಸಂಸ್ಥಾನದ ಜೊತೆಗೆ ಅವನ ಮೇಲೂ ಟೇಲರನ ಕಣ್ಣಿತ್ತು. ಹುಡುಗ ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ, ಆದರೆ ಬೆಳೆದದ್ದು ತನ್ನ ಕುಲದ ಆಚಾರದಲ್ಲೇ. ರಾಜನಿಗೆ ಇಪ್ಪತ್ನಾಲ್ಕರಲ್ಲಿ ಗಂಡಾಂತರವಿದೆಯೆಂದು ಶಾಸ್ತ್ರಿಗಳು ಜಾತಕ ನೋಡಿ ಹೇಳಿದ್ದನ್ನು ಟೇಲರ್ ಗೇಲಿ ಮಾಡದೆ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಅದೇ ದಶಕದಲ್ಲಿ ಮಂಗಳೂರಿನಲ್ಲಿ ಬೇರೆಯದೇ ಆಯಿತು. 1844ರ ಜನವರಿಯಲ್ಲಿ ಬಾಸೆಲ್ ಮಿಷನ್ನಿನ ಶಾಲೆಯ ಆನಂದರಾಯ ಕೌಂಡಿನ್ಯ ಮತ್ತಿಬ್ಬರು ಸಾರಸ್ವತ ಹುಡುಗರು ದೀಕ್ಷಾಸ್ನಾನ ಪಡೆದರು. ಊರಲ್ಲಿ ಗದ್ದಲವೆದ್ದು, ತಂದೆತಾಯಿಗಳು ಮಕ್ಕಳನ್ನು ಶಾಲೆ ಬಿಡಿಸಿದರು. ಕೌಂಡಿನ್ಯರ ವಿಶ್ವಾಸ ಮಾತ್ರ ಗಟ್ಟಿಯಾಗಿತ್ತು. ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ ಅವರು ಕೊನೆತನಕ ಆ ದಾರಿ ಬಿಡಲಿಲ್ಲ. ಆದರೆ ಪಾಠ ಹೇಳುವವರೇ ದೀಕ್ಷೆಯನ್ನೂ ಕೊಟ್ಟಾಗ ಉಳಿದ ಮನೆಗಳು ಪಾಠವನ್ನೇ ಅನುಮಾನಿಸಿದವು.

ಹಾಗೆಂದು ಟೇಲರನನ್ನು ಆದರ್ಶ ಗುರುವೆಂದು ಹೊಗಳುವಂತಿಲ್ಲ. ಅಪ್ಪನ ಸ್ಥಾನದಲ್ಲಿದ್ದವನೇ ಆಳುವವರ ಕಡೆಯವನೂ ಆಗಿದ್ದ. ವೆಂಕಟಪ್ಪನಾಯಕ ಬಂಡೆದ್ದು ಸಿಕ್ಕಿಬಿದ್ದಾಗ ಟೇಲರ್ ಸೆರೆಮನೆಗೆ ಹೋಗಿ ಕಂಡ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಆದರೂ 1858ರಲ್ಲಿ ಚೆಂಗಲ್ಪಟ್ಟಿಗೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗುಲಿ ರಾಜ ತೀರಿಕೊಂಡ. ಧರ್ಮದ ಮಾತೆತ್ತದಿದ್ದರೂ ಗುರುವಿನ ಕೈಯಲ್ಲಿನ ಅಧಿಕಾರ ಶಿಷ್ಯನ ಮೇಲೆ ಬಿದ್ದೇ ಬೀಳುತ್ತದೆ.

ನಮ್ಮ ಕಾಲೇಜಿನಲ್ಲಿ ಆ ಅಧಿಕಾರ ಒಂದು ಸಹಿಯಲ್ಲಿದೆ. ಪ್ರತಿ ಸೆಮಿಸ್ಟರಿನ ಮೊದಲಿಗೆ ವಿದ್ಯಾರ್ಥಿ ಕೋರ್ಸ್ ನೋಂದಣಿಯ ಹಾಳೆ ಹಿಡಿದು ಸಲಹೆಗಾರರ ಕೋಣೆಯ ಮುಂದೆ ನಿಲ್ಲುತ್ತಾನೆ. ಹಾಜರಿ ಕಡಿಮೆಯಾದವನು, ಹಿಂದಿನ ವಿಷಯ ಉಳಿಸಿಕೊಂಡವನು ಇನ್ನಷ್ಟು ಅಳುಕಿನಿಂದ ಬರುತ್ತಾನೆ. ಆ ಹೊತ್ತಿಗೆ ಭಾನುವಾರದ ಪ್ರಾರ್ಥನೆಗೆ ಕರೆದರೆ ಅವನು ‘ಒಲ್ಲೆ’ ಅನ್ನಲಾರ. ಅವನ ‘ಹೂಂ’ಗೆ ಬೆಲೆಯೂ ಇಲ್ಲ.

ಸಂವಿಧಾನದ 25ನೇ ವಿಧಿ ಧರ್ಮಪ್ರಸಾರದ ಹಕ್ಕು ಕೊಟ್ಟಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧರ್ಮಬೋಧೆ ಕೂಡದೆಂದು 28ನೇ ವಿಧಿ ಹೇಳುತ್ತದೆ. ಇವೆರಡರ ನಡುವೆ ಬಾಳುವುದು ಕ್ರೈಸ್ತ ಅಧ್ಯಾಪಕರಿಗೆ ಅಷ್ಟೇನೂ ಕಷ್ಟವಲ್ಲ. ‘ಸರ್, ನೀವು ಚರ್ಚಿಗಿ ಹೋಗ್ತೀರೇನ್ರಿ?’ ಎಂದು ಕೇಳಿದವನಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸಬೇಕು, ಅವನ ಜಾತ್ರೆ, ಉರುಸಿನ ಬಗ್ಗೆ ಅಷ್ಟೇ ಅಕ್ಕರೆಯಿಂದ ಕೇಳಬೇಕು. ಶುಲ್ಕದ ಅಡಚಣೆಯಲ್ಲಿರುವವನಿಗೆ ನೆರವಾದ ದಿನ ಧರ್ಮದ ಮಾತೇ ಬೇಡ. ಸಹಿಯ ಹಂಗು ಹರಿದ ಮೇಲೆ, ಪದವಿ ಪಡೆದು ನೌಕರಿ ಹಿಡಿದವನು ತಾನಾಗಿ ಬಂದು ಕೇಳಿದರೆ, ಯೇಸುವಿನ ಮಾತನ್ನು ಮನಬಿಚ್ಚಿ ಹೇಳಬಹುದು. ಒಪ್ಪುವುದು ಬಿಡುವುದು ಆಗ ನಿಜಕ್ಕೂ ಅವನಿಗೆ ಸೇರಿದ್ದು.