ಕೊಳೆರೋಗದ ಔಷಧಿ ಮರವೇರಿದ ಬಗೆ

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಚರಿತ್ರೆ ಅರ್ಧ ಔಷಧಿಯದು, ಇನ್ನರ್ಧ ಅದನ್ನು ಕಾಯಿಗೊಂಚಲಿಗೆ, ಅಂದರೆ ಕೊನೆಗೆ, ಮುಟ್ಟಿಸಿದ ಪಂಪು, ಪೈಪು ಮತ್ತು ಮರವೇರುವ ಕೊನೆಗಾರನದು.

ಜಡಿಮಳೆ ಹಿಡಿದಾಗ ಎಳೆಗಾಯಿಯ ಮೇಲೆ ನೀರು ಕುಡಿದಂಥ ಕಲೆ ಏಳುತ್ತದೆ, ಬಿಳಿ ಬೂಷ್ಟು ಹಬ್ಬುತ್ತದೆ, ಕಾಯಿ ಉದುರುತ್ತದೆ. ಔಷಧಿ ಬರುವ ಮೊದಲು ಇದ್ದ ಉಪಾಯ: ಹಾಳೆಯ ಕೊಟ್ಟೆ ಮಾಡಿ, ಮಳೆಗೆ ಮುಂಚೆ ಮರ ಹತ್ತಿ, ಒಂದೊಂದು ಕೊನೆಗೂ ಕಟ್ಟುವುದು.

ದ್ರಾಕ್ಷಿಯ ರೋಗಕ್ಕೆಂದು ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಬೋರ್ಡೋ ದ್ರಾವಣವೇ ಮಲೆನಾಡಿಗೂ ಬಂತು. ಕೆನಡಾದವರಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಕೊಳೆರೋಗ ಕುರಿತ ಅವರ ಪ್ರಬಂಧ 1910ರಲ್ಲಿ ಹೊರಬಂತು. ರೋಗ ತರುವ ಶಿಲೀಂಧ್ರವನ್ನು ಗುರುತಿಸಿದ್ದಷ್ಟೇ ಅಲ್ಲ, ಮಲೆನಾಡಿನ ಮಳೆಗೆ ತೊಳೆದುಹೋಗದಂತೆ ದ್ರಾವಣಕ್ಕೆ ರಾಳ ಮತ್ತು ಸೋಡ ಬೆರೆಸಿ ಅಂಟಿಸುವ ದಾರಿಯನ್ನೂ ಅವರು ತೋರಿದರು. ಈ ಎರಡನೆಯ ಕೆಲಸಕ್ಕೆ ಬೆಳೆಗಾರರು ಹೆಚ್ಚು ಋಣಿಗಳು.

ದ್ರಾವಣದ ಇಂದಿನ ಅಳತೆ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸುಣ್ಣದ ನೀರಿಗೆ ತುತ್ತದ ನೀರನ್ನು ಹೊಯ್ಯಬೇಕು. ಹದ ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು ಸುಮಾರು 40-45 ದಿನಕ್ಕೆ.

ತೊಡಕು ಇದ್ದುದು ಎತ್ತರದಲ್ಲಿ. ನೀರನ್ನು 10 ಮೀಟರ್ ಮೇಲೆತ್ತುವುದಕ್ಕೇ ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡ ಖರ್ಚಾಗುತ್ತದೆ; ಹಳೆಯ ಮರಗಳು ಅದಕ್ಕಿಂತ ಎಷ್ಟೋ ಎತ್ತರ. ಔಷಧಿ ಹನಿಯಾಗಿ ಚೆದುರಲು ಬೇಕಾದ ಒತ್ತಡ ಬೇರೆ. ಆದ್ದರಿಂದ ಪಂಪು ನೆಲದಲ್ಲೇ ಉಳಿಯಿತು, ಪೈಪು ಮರವೇರಿತು. ಕೆಳಗಿನವರು ಕೈಯಿಂದಲೋ ಕಾಲಿನಿಂದಲೋ ಪಂಪು ಒತ್ತುತ್ತಿದ್ದರು. ಮೇಲಿದ್ದ ಕೊನೆಗಾರ ಜಾರುವ ಮರದಲ್ಲಿ ಮಣೆಯ ಮೇಲೆ ಕೂತು ಸುತ್ತಲಿನ ಮರಗಳ ಕೊನೆಗೂ ಹೊಡೆದು, ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಿದ್ದ. ತುಂಬಿದ ಪೈಪಿನ ಭಾರವೂ ಅವನದೇ. ಔಷಧಿಗೆ ಸಿಕ್ಕ ಹೆಸರಿನಲ್ಲಿ ಈ ಕಸುಬಿಗೆ ಸಲ್ಲಬೇಕಾದ ಪಾಲು ದೊಡ್ಡದು.

ಪೆಟ್ರೋಲ್ ಎಂಜಿನ್ನಿನ ಪಂಪು ಬಂದ ಮೇಲೆ ಒತ್ತಡ ಏರಿತು, ಪೈಪು ಉದ್ದವಾಯಿತು, ಜೋಡಣೆಯೇ ಹೆಚ್ಚು ಕಾಡುವ ಜಾಗವಾಯಿತು. ತುತ್ತ ಕಬ್ಬಿಣವನ್ನು ತಿನ್ನುವುದರಿಂದ ಜಾಯಿಂಟು, ನಾಜಲ್ ಎರಡೂ ಹಿತ್ತಾಳೆಯವಾದರೆ ಒಳ್ಳೆಯದು. ತಂತಿ ಸುತ್ತಿ, ಕ್ಲಿಪ್ಪು ಬಿಗಿದು ಕೂಡಿಸಿದ ಕಡೆ ಸೋರಿದರೆ ಮೇಲೆ ಹನಿ ಒಡೆಯುವುದಿಲ್ಲ. ಸುಣ್ಣದ ಕಸ ಕಟ್ಟಿದರೆ ಪೈಪು ಬಿಚ್ಚಿ ತೊಳೆಯಲು ಹೊತ್ತು ಹೋಗುತ್ತದೆ, ಮಳೆಯ ಬಿಡುವು ಕಾಯುವುದಿಲ್ಲ. ಒತ್ತಿದರೆ ಕೂರುವ, ಕಾಲರ್ ಹಿಂದಕ್ಕೆ ಎಳೆದರೆ ಬಿಡುವ ಕಪ್ಲರ್ ಈ ಹೊತ್ತನ್ನು ಉಳಿಸುತ್ತದೆ. ಅದನ್ನು ಬಿಚ್ಚುವ ಮುಂಚೆ ಎಂಜಿನ್ ನಿಲ್ಲಿಸಿ ಪೈಪಿನ ಒತ್ತಡ ಇಳಿಸಲೇಬೇಕು; ಇಲ್ಲದಿದ್ದರೆ ಪೈಪು ಚಿಮ್ಮಿ ಔಷಧಿ ಕಣ್ಣಿಗೆ ಹಾರುತ್ತದೆ. ಕೊನೆಗಾರರು ಕಡಿಮೆಯಾದಂತೆ ಬಳಕೆಗೆ ಬಂದ ಕಾರ್ಬನ್ ಫೈಬರ್ ದೋಟಿಯಲ್ಲಿ ಮನುಷ್ಯ ನೆಲದಲ್ಲೇ ನಿಂತು ಔಷಧಿ ಹೊಡೆಯುತ್ತಾನೆ. ಪೈಪು ಮಾತ್ರ ದೋಟಿಯ ಜೊತೆ ಮೇಲೇರುತ್ತದೆ.