ಮಂಚಾಲೆಯ ಇನಾಮು: ಐತಿಹ್ಯವೂ ಸರಕಾರಿ ಕಾಗದವೂ

ಆದವಾನಿ ಸೀಮೆಯ ಇತಿಹಾಸವನ್ನು ಬರೆಯಹೊರಟವನಿಗೆ ಒಂದು ತೊಡಕು ಮೊದಲಲ್ಲೇ ಎದುರಾಗುತ್ತದೆ. ಇಲ್ಲಿ ರಾಜಕೀಯದ ಒಂದೊಂದು ತಿರುವಿಗೂ ಒಂದೊಂದು ಧಾರ್ಮಿಕ ಕಥೆ ಅಂಟಿಕೊಂಡಿದೆ. ಹಳ್ಳಿಯೊಂದು ದಾನವಾದುದಕ್ಕೆ ಪವಾಡವೇ ಕಾರಣ. ಕೋಟೆಯೊಂದು ಶತ್ರುವಿನ ವಶವಾದುದಕ್ಕೆ ಮಸೀದಿಯೇ ಕಾರಣ. ಇನಾಮು ಉಳಿದುದಕ್ಕೆ ಬೃಂದಾವನದ ದರ್ಶನವೇ ಕಾರಣ. ಇವನ್ನು ಹೇಳುವವರ ಭಕ್ತಿಯ ಬಗ್ಗೆ ನನ್ನ ಆಕ್ಷೇಪಣೆ ಏನೂ ಇಲ್ಲ. ಸಿ. ಬೆಳಗಲ್ಲಿನಿಂದ ತುಂಗಭದ್ರೆಯ ಬಲದಂಡೆಯನ್ನೇ ಹಿಡಿದು ಪಡುವಣಕ್ಕೆ ಹೋದರೆ ಮಂತ್ರಾಲಯ. ಶ್ರಾವಣ ಬಹುಳದ ಆರಾಧನೆಗೆ ಹೋಗಿಬರುವವರು ನಮ್ಮೆಲ್ಲರ ಮನೆಗಳಲ್ಲಿಯೂ ಇದ್ದಾರೆ. ಆದರೆ ಈ ಕಥೆಗಳು ದೇವರ ಕೋಣೆಯಿಂದ ಹೊರಟು ಇತಿಹಾಸದ ಪಾಠದೊಳಕ್ಕೆ ಬಂದಾಗ ಉಪಾಧ್ಯಾಯನಾದವನು ಏನು ಹೇಳಬೇಕು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಹತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಗೆಜೆಟ್ಟಿನಲ್ಲೇ ಇದೆಯಂತಲ್ಲಾ ಸಾರ್, ಸರಕಾರವೇ ಒಪ್ಪಿದೆಯಂತೆ” ಎಂದು ಕೇಳಿದರೆ, ಹೌದು ಎಂದು ಕೂರಿಸುವುದು ಸುಲಭ, ಛೀ ಎಂದು ಕೂರಿಸುವುದು ಇನ್ನೂ ಸುಲಭ. ಎರಡರಿಂದಲೂ ಹುಡುಗನಿಗೆ ಇತಿಹಾಸ ತಿಳಿಯುವುದಿಲ್ಲ.

ಮೊದಲು ಗ್ರಾಮದಾನದ ವಿಷಯ. ಮಂತ್ರಾಲಯದ ಹಳೆಯ ಹೆಸರು ಮಂಚಾಲೆ. ಶ್ರೀ ರಾಘವೇಂದ್ರ ಸ್ವಾಮಿಗಳು ಬೃಂದಾವನಸ್ಥರಾದುದು 1671ರಲ್ಲಿ. ಈ ಗ್ರಾಮವನ್ನು ಕೊಟ್ಟವನು ಆದವಾನಿಯ ಸಿದ್ದಿ ಮಸೂದ್ ಖಾನನೆಂದೂ, ಕೊಡಿಸಿದವನು ದಿವಾನ ವೆಂಕಣ್ಣನೆಂದೂ ಮಠದ ಪರಂಪರೆ ಹೇಳುತ್ತದೆ. ಸ್ವಾಮಿಗಳನ್ನು ಪರೀಕ್ಷಿಸಲೆಂದು ಖಾನನು ಬಟ್ಟೆ ಮುಚ್ಚಿ ತಂದ ತಟ್ಟೆಯ ಮಾಂಸವು ಹಣ್ಣುಹಂಪಲಾದ ಕಥೆಯನ್ನು ಕೇಳದವರು ಈ ಕಡೆ ಯಾರೂ ಇಲ್ಲ. ಕಥೆಯ ಚೌಕಟ್ಟು ಕಾಲಗಣನೆಗೆ ವಿರುದ್ಧವಾಗಿಲ್ಲ ಎಂಬುದನ್ನು ಸಂದೇಹವಾದಿಯೂ ಒಪ್ಪಬೇಕು. ಮಸೂದ್ ಖಾನನು ಬಿಜಾಪುರದ ಆದಿಲಶಾಹಿಗಳ ಪರವಾಗಿ 1662ರ ಸುಮಾರಿನಿಂದ ಆದವಾನಿಯನ್ನು ಆಳುತ್ತಿದ್ದನು. ಜನ ಅವನನ್ನು ನವಾಬನೆಂದು ಕರೆಯುವುದುಂಟು. ವಾಸ್ತವವಾಗಿ ಅವನು ಸುಲ್ತಾನನ ಅಧಿಕಾರಿ, ಮೂಲದಲ್ಲಿ ಹಬಶಿ ಜನಾಂಗದವನು. ಅಂಥವನು ಪರವೂರಿನ ಸೀಮೆಯಲ್ಲಿ ನೆಲೆ ನಿಲ್ಲಬೇಕಾದರೆ ಯಾರನ್ನು ಆಶ್ರಯಿಸಬೇಕಾಗಿತ್ತು? ಹೊಲ ಉಳುವವರು ಹಿಂದೂ ರೈತರು, ಲೆಕ್ಕ ಬರೆಯುವವರು ಬ್ರಾಹ್ಮಣ ಶಾನುಭೋಗರು, ದಿವಾನನೂ ಅವರಲ್ಲೊಬ್ಬನು. ಬಿಜಾಪುರದ ಗದ್ದುಗೆಗೆ ಇದು ಹೊಸ ಪಾಠವೂ ಅಲ್ಲ. 1580ರಿಂದ 1627ರವರೆಗೆ ಆಳಿದ ಇಮ್ಮಡಿ ಇಬ್ರಾಹಿಂ ಆದಿಲಶಾಹನು ತನ್ನ ಗ್ರಂಥದಲ್ಲಿ ಸರಸ್ವತಿಯನ್ನೇ ಸ್ತುತಿಸಿದವನು. ದಿವಾನನ ಮತದ ಮಠಕ್ಕೆ ಹೊಳೆದಂಡೆಯ ಒಂದು ಹಳ್ಳಿಯನ್ನು ಬಿಟ್ಟುಕೊಡುವುದು ಖಾನನಿಗೆ ಭಾರವಾದ ಕಾರ್ಯವೇನಲ್ಲ. ಅದರಿಂದ ದೊರೆಯುತ್ತಿದ್ದ ನಿಷ್ಠೆಯೋ, ಹಳ್ಳಿಯ ಕಂದಾಯಕ್ಕಿಂತ ಬೆಲೆಯುಳ್ಳದ್ದು. ಮಾಂಸ ಹಣ್ಣಾಗದಿದ್ದರೂ ದಾನ ನಡೆಯಬಹುದಾಗಿತ್ತು ಎಂಬಷ್ಟೇ ನನ್ನ ಮಾತು.

ಇದೇ ಖಾನನ ಇನ್ನೊಂದು ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಆದವಾನಿಯ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು ಅವನೇ. 1688ರಲ್ಲಿ ಔರಂಗಜೇಬನ ಸೇನಾನಿ ಫಿರೂಜ್ ಜಂಗನು ಕೋಟೆಯನ್ನು ಮುತ್ತಿದಾಗ, ಮೊಗಲರು ಫಿರಂಗಿಗಳನ್ನು ಮಸೀದಿಯ ಕಡೆಗೆ ತಿರುಗಿಸಿದರೆಂದೂ, ತನ್ನ ಪ್ರೀತಿಯ ಮಸೀದಿ ಹಾಳಾಗುವುದನ್ನು ನೋಡಲಾರದೆ ಖಾನನು ಕೋಟೆಯನ್ನೇ ಒಪ್ಪಿಸಿದನೆಂದೂ ಊರವರು ಹೇಳುತ್ತಾರೆ. ಕಥೆ ಮನಮುಟ್ಟುವಂಥದು. ಆದರೆ ಇಸವಿಗಳನ್ನು ಸಾಲಾಗಿ ಬರೆದುಕೊಳ್ಳಿ. 1683ರಲ್ಲಿ ಮಸೂದ್ ಖಾನನು ಬಿಜಾಪುರದ ಆಡಳಿತದ ಹೊಣೆಯನ್ನು ಬಿಟ್ಟು ಆದವಾನಿಗೆ ಬಂದು ಕುಳಿತನು. 1686ರಲ್ಲಿ ಬಿಜಾಪುರ ಬಿದ್ದಿತು. 1687ರಲ್ಲಿ ಗೋಲ್ಕೊಂಡ ಬಿದ್ದಿತು. ಮೇಲೆ ಸುಲ್ತಾನನಿಲ್ಲ, ಪಕ್ಕದಲ್ಲಿ ಮಿತ್ರನಿಲ್ಲ, ದಕ್ಷಿಣದಲ್ಲೆಲ್ಲ ಮೊಗಲ ದಂಡು. ಆ ಸ್ಥಿತಿಯಲ್ಲಿ ಒಂಟಿ ಕೋಟೆ ಎಷ್ಟು ತಿಂಗಳು ನಿಂತೀತು? ಮತ್ತೊಂದು ವಿಶೇಷ: ಫಿರಂಗಿ ತಿರುಗಿಸಿದರೆನ್ನುವ ಮೊಗಲರೂ ಮಸೀದಿಗೆ ಹೋಗುವವರೇ, ಒಳಗಿದ್ದವನೂ ಮಸೀದಿಗೆ ಹೋಗುವವನೇ. ಧರ್ಮ ಒಂದೇ ಆಗಿದ್ದುದರಿಂದ ಯುದ್ಧ ತಪ್ಪಲಿಲ್ಲ. ಕೋಟೆ ಕೈಗೆ ಬಂದ ಮೇಲೆ ಗೆದ್ದವರು ಆದವಾನಿಗೆ ಇಮ್ತಿಯಾಜ್‌ಗಢವೆಂದು ಹೆಸರಿಟ್ಟರು. ಜನ ಹಳೆಯ ಹೆಸರನ್ನು ಬಿಡಲಿಲ್ಲ.

ಇನ್ನು ಮನ್ರೋ ಸಾಹೇಬನ ಕಥೆ. ಪ್ರಕೃತ ಲೇಖನದ ಮುಖ್ಯ ವಿಷಯ ಇದೇ. 1800ರಲ್ಲಿ ನಿಜಾಮನು ಬಳ್ಳಾರಿ, ಆದವಾನಿ, ಕಡಪ ಮೊದಲಾದ ಸೀಮೆಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ಅವೇ ದತ್ತ ಮಂಡಲಗಳು. ಥಾಮಸ್ ಮನ್ರೋ 1800ರಿಂದ 1807ರವರೆಗೆ ಇವುಗಳಿಗೆ ಪ್ರಧಾನ ಕಲೆಕ್ಟರನಾಗಿದ್ದನು. ಮಂಚಾಲೆಯ ಇನಾಮನ್ನು ಸರಕಾರಕ್ಕೆ ಸೇರಿಸಿಕೊಳ್ಳುವ ಪ್ರಸ್ತಾಪ ಬಂದಿತಂತೆ. ವಿಚಾರಣೆಗೆ ಬಂದ ಮನ್ರೋ ಟೋಪಿ ತೆಗೆದು, ಬೂಟು ಕಳಚಿ ಒಳಗೆ ಹೋದನಂತೆ. ಸ್ವಾಮಿಗಳು ಬೃಂದಾವನದಿಂದ ಹೊರಬಂದು ಅವನೊಡನೆ ಮಾತಾಡಿದರಂತೆ. ಉಳಿದವರಿಗೆ ರೂಪವೂ ಕಾಣಲಿಲ್ಲ, ಮಾತೂ ಕೇಳಲಿಲ್ಲ. ಡೇರೆಗೆ ಹಿಂತಿರುಗಿದ ಕಲೆಕ್ಟರನು ಪ್ರಸ್ತಾಪವನ್ನು ಕೈಬಿಟ್ಟು, ಮಂತ್ರಾಕ್ಷತೆಯನ್ನು ತನ್ನ ಅಡಿಗೆಯಲ್ಲಿ ಹಾಕಿಸಿಕೊಂಡನೆಂದು ಕಥೆ ಮುಗಿಯುತ್ತದೆ. ಯಾವ ಭಾಷೆಯಲ್ಲಿ ಸಂಭಾಷಣೆ ನಡೆಯಿತೆಂಬ ಬಗ್ಗೆ ಹೇಳುವವರಲ್ಲಿ ಒಮ್ಮತವಿಲ್ಲ.

ಇದಕ್ಕೆ ಕೊಡುವ ಸಾಕ್ಷಿ ‘ಮದ್ರಾಸ್ ಸರಕಾರದ ಗೆಜೆಟ್’. ಇಲ್ಲಿ ಉಪಾಧ್ಯಾಯ ಬಂಧುಗಳು ಸ್ವಲ್ಪ ನಿಲ್ಲಬೇಕು. ಗೆಜೆಟ್ ಬೇರೆ, ಗೆಜೆಟಿಯರ್ ಬೇರೆ. ಗೆಜೆಟ್ ಎಂದರೆ ಸರಕಾರವು ತನ್ನ ಆಜ್ಞೆ, ನೇಮಕ, ಕಾಯಿದೆಗಳನ್ನು ಪ್ರಕಟಿಸುವ ಪತ್ರ. ಅದರಲ್ಲಿ ಅಚ್ಚಾದುದಕ್ಕೆ ಸರಕಾರವೇ ಹೊಣೆ. ಗೆಜೆಟಿಯರ್ ಎಂದರೆ ಜಿಲ್ಲೆಯ ವರ್ಣನಗ್ರಂಥ. ಹೊಸದಾಗಿ ಬರುವ ಅಧಿಕಾರಿಗೆ ಊರು, ಕೆರೆ, ಬೆಳೆ, ಜಾತಿ, ಜಾತ್ರೆ, ಐತಿಹ್ಯಗಳನ್ನು ಪರಿಚಯ ಮಾಡಿಕೊಡುವ ಪುಸ್ತಕ. ಮಂಚಾಲೆಯ ಕಥೆ ಇರುವುದು ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ, 1904ರಲ್ಲಿ ಪ್ರಕಟವಾದ ಬಳ್ಳಾರಿ ಜಿಲ್ಲೆಯ ಗೆಜೆಟಿಯರಿನಲ್ಲಿ. ಫ್ರಾನ್ಸಿಸನು ಅದನ್ನು ನಡೆದ ಸಂಗತಿಯೆಂದು ಬರೆದಿಲ್ಲ. ಈ ಸ್ಥಳದ ಬಗ್ಗೆ ಇಂಥದೊಂದು ವಿಚಿತ್ರ ಕಥೆ ಹೇಳುತ್ತಾರೆ ಎಂದೇ ಆರಂಭಿಸಿದ್ದಾನೆ. ಮನ್ರೋ ಅರೆದೈವಾಂಶ ಉಳ್ಳವನೆಂಬ ಮಾತನ್ನೂ ಬ್ರಾಹ್ಮಣರ ಬಾಯಲ್ಲೇ ಇಟ್ಟಿದ್ದಾನೆ. ಅಂದರೆ ಸರಕಾರಿ ಪುಸ್ತಕವು ಜನರನ್ನು ಸಾಕ್ಷಿ ಮಾಡಿತು. ಆಮೇಲೆ ಜನ ಆ ಪುಸ್ತಕವನ್ನೇ ಸಾಕ್ಷಿ ಮಾಡಿಕೊಂಡರು. ಕೆಲವು ಕಿರುಹೊತ್ತಗೆಗಳು ಘಟನೆಗೆ 1801ರ ಇಸವಿಯನ್ನು ಕೊಡುತ್ತವೆ. ಹಾಗಾದರೆ ಘಟನೆಗೂ ಗ್ರಂಥಕ್ಕೂ ನಡುವೆ 103 ವರ್ಷಗಳ ಅಂತರ. ಕಥೆಯಲ್ಲಿ ಬರುವವನು ಸರ್ ಥಾಮಸ್. 1801ರಲ್ಲಿ ಇದ್ದವನು ಬರಿಯ ಮೇಜರ್ ಮನ್ರೋ, ಸರ್ ಪದವಿ ಅವನಿಗೆ ಬಂದುದು 1819ರಲ್ಲಿ. ಹಿಂದಿನದನ್ನು ಹೇಳುವಾಗ ಮುಂದಿನ ಬಿರುದನ್ನು ಬಳಸುವುದು ವಾಡಿಕೆಯೇ ಆದುದರಿಂದ ಇದನ್ನು ನಾನು ದೊಡ್ಡದು ಮಾಡುವುದಿಲ್ಲ.

ಹಾಗಾದರೆ ಇನಾಮು ಹೇಗೆ ಉಳಿಯಿತು? ಅದಕ್ಕೆ ಆ ವರ್ಷಗಳ ದತ್ತ ಮಂಡಲವನ್ನು ನೋಡಬೇಕು. ಸುಮಾರು ಎಂಬತ್ತು ಮಂದಿ ಪಾಳೆಯಗಾರರು ಒಂದೊಂದು ಗುಡ್ಡದ ಮೇಲೆ ಕೋಟೆ ಕಟ್ಟಿಕೊಂಡು ಕುಳಿತಿದ್ದರು. ಹಳ್ಳಿಗಳಿಗೂ ಮಣ್ಣಿನ ಕೋಟೆಗಳಿದ್ದವು. ಇಂದಿನ ದೇವನಕೊಂಡ ಮಂಡಲದಲ್ಲಿರುವ ತೆರ್ನೇಕಲ್ಲು ಎಂಬ ಹಳ್ಳಿಯವರು 1801ರಲ್ಲಿ ಕುಂಪಣಿಗೆ ತಿರುಗಿಬಿದ್ದರು. ಡಿಸೆಂಬರಿನಲ್ಲಿ ಹೋದ ಪಟಾಲಮನ್ನು ಹಳ್ಳಿಗರು ಹಿಮ್ಮೆಟ್ಟಿಸಿದರು. ಜನರಲ್ ಕ್ಯಾಂಬೆಲ್ ಫಿರಂಗಿಗಳೊಡನೆ ಬಂದ ಮೇಲೆಯೇ ಕೋಟೆ ಬಿದ್ದಿತು. ಮನ್ರೋ ಬೃಂದಾವನದ ಮುಂದೆ ನಿಂತನೆಂದು ಹೇಳುವ ವರ್ಷವೂ ಇದೇ! ಒಂದು ಹಳ್ಳಿಯನ್ನು ಬಗ್ಗಿಸಲು ಫಿರಂಗಿ ಬೇಕಾದ ಕಡೆ, ಜನಕ್ಕೆ ಪೂಜ್ಯವಾದ ಮಠದ ಮಾನ್ಯವನ್ನು ಕಿತ್ತುಕೊಂಡು ಹೊಸ ಕಿಚ್ಚು ಹಚ್ಚಿಕೊಳ್ಳುವಷ್ಟು ಅವಿವೇಕಿ ಕಲೆಕ್ಟರನಲ್ಲ ಮನ್ರೋ. ಪಾಳೆಯಗಾರನ ಕೈಯಲ್ಲಿ ಆಯುಧವಿತ್ತು, ಅವನನ್ನು ಇಳಿಸುವುದು ಅಗತ್ಯವಾಗಿತ್ತು. ಮಠದ ಕೈಯಲ್ಲಿ ಆಯುಧವಿರಲಿಲ್ಲ, ಜನರ ಒಲವಿತ್ತು. ಇದು ಮಂಚಾಲೆಗೊಂದೇ ಸಂಬಂಧಿಸಿದ ಮಾತಲ್ಲ. 1858ರಲ್ಲಿ ಏರ್ಪಟ್ಟ ಇನಾಂ ಕಮಿಷನ್ನು ಮದ್ರಾಸ್ ಪ್ರಾಂತದ ದೇವಸ್ಥಾನ, ಮಸೀದಿ, ಛತ್ರಗಳ ಇನಾಮುಗಳನ್ನು ಸೇವೆ ನಡೆಯುವವರೆಗೂ ಮುಂದುವರಿಯುವಂತೆ ಖಾಯಂ ಮಾಡಿತು. ಅಲ್ಲೆಲ್ಲ ಯಾವ ಸ್ವಾಮಿಗಳೂ ಎದ್ದು ಬಂದು ಮಾತಾಡಬೇಕಾಗಲಿಲ್ಲ.

ಮನ್ರೋವಿನ ಸುತ್ತ ಇಂಥ ಕಥೆ ಇದೊಂದೇ ಅಲ್ಲ ಎಂಬುದೂ ಗಮನಾರ್ಹ. ಕಡಪ ಜಿಲ್ಲೆಯ ಗಂಡಿಯಲ್ಲಿ, ಪುಣ್ಯವಂತರಿಗಲ್ಲದೆ ಕಾಣದ ಬಂಗಾರದ ತೋರಣ ಅವನಿಗೆ ಕಂಡಿತೆಂದೂ, ಕಂಡವನು ಬಹುಕಾಲ ಬಾಳನೆಂದೂ ಹೇಳುತ್ತಾರೆ. ತಿರುಮಲೆಯಲ್ಲಿ ನೈವೇದ್ಯಕ್ಕೆ ಅವನ ಹೆಸರಿನ ‘ಮನ್ರೋ ಗಂಗಾಳ’ವೇ ಇದೆ. ಈ ಸೀಮೆಯಲ್ಲಿ ಒಂದು ಕಾಲಕ್ಕೆ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು. 1827ರ ಜುಲೈ 6ರಂದು ಅವನು ವಾಂತಿಭೇದಿಯಿಂದ ಸತ್ತುದು ನಮ್ಮ ಪತ್ತಿಕೊಂಡದಲ್ಲಿಯೇ. ಸುಲಿಗೆಯ ಕಾಲದಲ್ಲಿ ಬಂದು ತಕ್ಕಮಟ್ಟಿಗೆ ನ್ಯಾಯವಾಗಿ ಕಂದಾಯ ಕಟ್ಟಿದ ಪರದೇಶದ ಅಧಿಕಾರಿಯನ್ನು ನಮ್ಮ ಜನ ಹೊಗಳಬೇಕೆಂದಾಗ, ಅವರಲ್ಲಿದ್ದ ಭಾಷೆ ಪುರಾಣದ ಭಾಷೆಯೇ. ಅವನನ್ನು ಋಷಿಯಾಗಿಸಿಕೊಂಡರು. ಕಥೆಗಳನ್ನು ಹಾಗೆ ಓದಿದರೆ ಅವು ಸುಳ್ಳೆಂದು ಎಸೆಯತಕ್ಕವಲ್ಲ; ರೈತನ ಮನಸ್ಸಿಗೆ ಅವೇ ಒಳ್ಳೆಯ ದಾಖಲೆ.

ಆದರೆ ಕಥೆಯ ಈ ಋಷಿ ನಿಜವಾಗಿ ಏನು ಬಯಸಿದ್ದನು? ಮದ್ರಾಸಿನ ಗವರ್ನರನಾದ ಮೇಲೆ 1822ರಲ್ಲಿ, ಬಳ್ಳಾರಿ ಜಿಲ್ಲೆಯ ಉಪಕಲೆಕ್ಟರನೊಬ್ಬನು ಕ್ರೈಸ್ತ ಮತಪ್ರಚಾರದಲ್ಲಿ ಕೈಹಾಕಿದ ಪ್ರಸಂಗ ಅವನ ಮುಂದೆ ಬಂದಿತು. ಮತಾಂತರದ ಕೆಲಸ ಸರಕಾರಿ ನೌಕರನಿಗೆ ಸೇರಿದುದಲ್ಲ, ಅಧಿಕಾರವುಳ್ಳವನು ಹೇಳಿದ ಬೋಧನೆಯನ್ನು ಜನ ಆಜ್ಞೆಯೆಂದೇ ತಿಳಿಯುತ್ತಾರೆ ಎಂಬ ಅಭಿಪ್ರಾಯವನ್ನು ಅವನು ಬರೆದಿಟ್ಟನು. ಸ್ವತಃ ಕ್ರೈಸ್ತನೇ ಆದವನು ತನ್ನ ಮತದ ಪ್ರಚಾರಕ್ಕೇ ಸರಕಾರದ ಮೊಹರನ್ನು ಕೊಡಲು ಒಪ್ಪಲಿಲ್ಲ. ಆದರೂ ಕುಂಪಣಿ ಧರ್ಮದಿಂದ ದೂರ ನಿಲ್ಲಲಿಲ್ಲ. 1817ರ ಏಳನೆಯ ರೆಗ್ಯುಲೇಷನ್ನಿನಂತೆ ದೇವಸ್ಥಾನ, ಮಸೀದಿಗಳ ಆಸ್ತಿಯ ಮೇಲ್ವಿಚಾರಣೆ ರೆವಿನ್ಯೂ ಬೋರ್ಡಿಗೆ ಸೇರಿತ್ತು. ತೇರು ಎಳೆಸುವುದಕ್ಕೂ ತಹಶೀಲ್ದಾರನ ಅಪ್ಪಣೆ! ಪಾದ್ರಿಗಳು ಇದನ್ನು ಖಂಡಿಸಿದರು. ಮದ್ರಾಸಿನ ಸೇನಾಧಿಪತಿ ಪೆರಿಗ್ರಿನ್ ಮೈಟ್‌ಲೆಂಡ್ ಇದೇ ಕಾರಣಕ್ಕೆ 1838ರಲ್ಲಿ ಹುದ್ದೆ ಬಿಟ್ಟನು. ಸರಕಾರ ಹಿಂದೆ ಸರಿದು, 1863ರ ಕಾಯಿದೆಯಿಂದ ಆಡಳಿತವನ್ನು ಸ್ಥಳೀಯ ಸಮಿತಿಗಳಿಗೆ ಬಿಟ್ಟಿತು. ಸಮಿತಿಗಳ ಕೈಯಲ್ಲಿ ಹುಂಡಿ ಏನಾಯಿತೆಂಬುದನ್ನು ವಿವರಿಸುವ ಅಗತ್ಯವಿಲ್ಲ. ಜಸ್ಟಿಸ್ ಪಕ್ಷದ ಪಾನಗಲ್ ರಾಜರ ಮಂತ್ರಿಮಂಡಲ ತಂದ ಧರ್ಮಾದಾಯ ಕಾಯಿದೆ ಹೊಸ ರೂಪದಲ್ಲಿ 1927ರ ಎರಡನೆಯ ಕಾಯಿದೆಯಾಗಿ ನಿಂತಿತು. ಸರಕಾರ ಮತ್ತೆ ಗುಡಿಯೊಳಕ್ಕೆ ಬಂದಿತು.

ಸ್ವಾತಂತ್ರ್ಯಾನಂತರ ಮದ್ರಾಸ್ ಸರಕಾರದ 1951ರ ಕಾಯಿದೆಯನ್ನು ಎದುರಿಸಿ ನ್ಯಾಯಾಲಯಕ್ಕೆ ಹೋದವರು ಕನ್ನಡ ನಾಡಿನವರೇ, ಉಡುಪಿಯ ಶಿರೂರು ಮಠದ ಸ್ವಾಮಿಗಳು. ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತಷ್ಟೆ. 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಿಂದ ಮಠಕ್ಕೆ ದೊರೆತುದು ಬಹಳ: ಆಚರಣೆಯೂ ಧರ್ಮದ ಭಾಗವೇ ಎಂದು ನ್ಯಾಯಮೂರ್ತಿಗಳು ಒಪ್ಪಿದರು. ಆದರೆ ಯಾವುದು ಧರ್ಮದ ಅವಶ್ಯಕ ಅಂಗ, ಯಾವುದು ಬರಿಯ ಲೌಕಿಕ ವ್ಯವಹಾರ ಎಂಬ ಪ್ರಶ್ನೆ ಅಂದಿನಿಂದ ನ್ಯಾಯಾಲಯದ ಮೇಜಿನ ಮೇಲೆ ಬಂದು ಕುಳಿತಿತು. ಆಂಧ್ರಪ್ರದೇಶದ 1987ರ ಕಾಯಿದೆ ಅರ್ಚಕರ ವಂಶಪಾರಂಪರ್ಯ ಹಕ್ಕನ್ನು ತೆಗೆದುಹಾಕಿದಾಗ ಅದನ್ನು ಎತ್ತಿಹಿಡಿದುದೂ, 1996ರಲ್ಲಿ, ಅದೇ ಕೋರ್ಟು. ಪೂಜೆ ಧಾರ್ಮಿಕ, ಪೂಜಾರಿಯ ನೇಮಕ ಲೌಕಿಕ ಎಂಬುದು ತರ್ಕ. ಅಧಿಕಾರ ಎಲ್ಲಿಂದ ಎಲ್ಲಿಗೆ ಹರಿಯುತ್ತದೆಂಬುದನ್ನು ವಾಚಕರೇ ನೋಡಬಹುದು. ಮಠಮಂದಿರಗಳು ರಾಜಕೀಯವನ್ನು ಆಳುತ್ತಿವೆ ಎಂಬ ಕೂಗು ನಮಗೆ ಪರಿಚಿತ; ಸನದು, ಕಮಿಷನ್ನು, ಕಾಯಿದೆ, ತೀರ್ಪುಗಳ ಈ ಮುನ್ನೂರು ವರ್ಷಗಳ ಸಾಲಿನಲ್ಲಿ ರಾಜಕೀಯವೇ ಮಠಮಂದಿರಗಳ ಬಾಗಿಲನ್ನು ಹೆಚ್ಚು ಬಾರಿ ತಟ್ಟಿದಂತೆ ನನಗೆ ಕಾಣುತ್ತದೆ. ಮಸೂದ್ ಖಾನನು ಹಳ್ಳಿಯನ್ನು ಕೊಟ್ಟು ಪಡೆದುದನ್ನು ಇಂದಿನವರು ಶಾಲು ಹೊದೆದು, ಚಿತ್ರ ತೆಗೆಸಿಕೊಂಡು ಪಡೆಯುತ್ತಾರೆ, ಖರ್ಚು ಕಡಿಮೆ. ಅಂದಹಾಗೆ 2009ರ ಚುನಾವಣೆಯಿಂದ ಮಂತ್ರಾಲಯ ಎಂಬುದು ವಿಧಾನಸಭೆಯ ಒಂದು ಕ್ಷೇತ್ರದ ಹೆಸರೂ ಹೌದು.

ಈ ವಿಷಯದಲ್ಲಿ ಕೆಲಸ ಮಾಡುವ ತರುಣ ಉಪಾಧ್ಯಾಯರಿಗೆ ಒಂದು ಸೂಚನೆ. ಆದವಾನಿ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು; ಅಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರ ರಾಜ್ಯಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಬಂದಿತು. ಆದುದರಿಂದ ಮಂಚಾಲೆಯ ವಿಚಾರವನ್ನು 1886ರ ಕರ್ನೂಲು ಮ್ಯಾನ್ಯುಯಲಿನಲ್ಲಿ ಹುಡುಕಿ ನಿರಾಶರಾಗಬಾರದು. ಬಳ್ಳಾರಿಯ ಗ್ರಂಥಗಳನ್ನೂ ಬಳ್ಳಾರಿಯ ಹೆಸರಿನಲ್ಲಿರುವ ಇನಾಂ ರಿಜಿಸ್ಟರುಗಳನ್ನೂ ನೋಡಬೇಕು. ಪತ್ತಿಕೊಂಡದ ಕಡೆಯ ಹಳ್ಳಿಗಳ ಕಾಗದಗಳು ಮಾತ್ರ 1858ಕ್ಕೆ ಹಿಂದಿನವು ಬಳ್ಳಾರಿಯಲ್ಲೂ, ಅನಂತರದವು ಕರ್ನೂಲಿನಲ್ಲೂ ಹಂಚಿಹೋಗಿವೆ.